ಊಟ ಹಾಕಿದರೆ ಇನ್ನೂರ ಮೂವತ್ತು

ಮಮದಾಪುರದ ನಮ್ಮ ಹೊಲದಲ್ಲಿ ಅರಿಶಿಣ ಅಗೆಯುವ ಹೆಂಗಸರಿಗೆ ಎರಡು ದರ. ಬುತ್ತಿ ಅವರೇ ತಂದರೆ ದಿನಕ್ಕೆ ಮುನ್ನೂರು, ನಾವು ಊಟ ಹಾಕಿದರೆ ಇನ್ನೂರ ಮೂವತ್ತು. ಮಾವ ಪ್ರತಿ ವರ್ಷ ಎರಡನೆಯದನ್ನೇ ಕುದುರಿಸಿ, ಆಳಿಗೆ ಎಪ್ಪತ್ತು ರೂಪಾಯಿ ಉಳಿಸಿದೆನೆಂದು ಕಟ್ಟೆಯ ಮೇಲೆ ಮೀಸೆ ತಿರುವುತ್ತಿದ್ದರು. ಹೀಗೆ ಬರುವ ಇಪ್ಪತ್ತು ಆಳಿಗೆ ರೊಟ್ಟಿ ಬಡಿಯುತ್ತಿದ್ದವರು ಅತ್ತೆ ಮತ್ತು ನಾನು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೆಸರು ನಮ್ಮದು, ಮೊಸರು ಮಾವನದು.

ಆ ವರ್ಷ ನನಗೆ ಗೋಕಾಕದಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಮೊದಲ ಕಂತು ಆರು ಸಾವಿರ. ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಮನೆಯ ರೊಕ್ಕವೆಲ್ಲ ಮಾವನ ಕೈಯಲ್ಲಿ, ನನ್ನ ಗಂಡನೂ ಅವರನ್ನೇ ಕೇಳಬೇಕು. ನಾನೇ ಕೇಳಿದೆ.

“ದುಡದವ್ರು ರೊಕ್ಕಾ ಕೇಳಬೇಕು. ಮನ್ಯಾಗ ಕುಂತವ್ರಲ್ಲ,” ಎಂದರು.

ನನಗೆ ಮೈಯೆಲ್ಲ ಉರಿಯಿತು. ಆದರೆ ಬಾಯಿ ತೆರೆದದ್ದು ಅತ್ತೆ. ಮದುವೆಯಾದಾಗಿನಿಂದ ಗಂಡನಿಗೆ ಎದುರಾಡದವರು ಹಿಟ್ಟಿನ ಕೈ ತೊಳೆದುಕೊಂಡು ಹೊರಬಂದರು.

“ಖರೇನ ಐತ್ರಿ. ನಾವು ಕುಂತವ್ರು. ನಾಳಿಂದ ಕುಂತ ಬಿಡ್ತೇವಿ. ಆಳಿಗೆ ಬುತ್ತಿ ತರಾಕ ಹೇಳ್ರಿ.”

ಮಾವ ನಕ್ಕರು. ಆಮೇಲೆ ಬೆರಳು ಮಡಚಿದರು. ಇಪ್ಪತ್ತು ಆಳು, ತಲೆಗೆ ಎಪ್ಪತ್ತು, ದಿನಕ್ಕೆ ಸಾವಿರದ ನಾನೂರು ಹೆಚ್ಚು. ಕೆಲಸ ಎಂಟು ದಿನದ್ದು. ನಗು ನಿಂತಿತು.

“ಜ್ವಾಳಾ, ಬ್ಯಾಳಿ ನನ್ನವು,” ಎಂದರು.

“ಅದನ್ನ ಮುರಕೊಂಡು ಉಳದದ್ದು ನಮ್ಮ ಕೈಗೆ ಕೊಡ್ರಿ,” ಎಂದರು ಅತ್ತೆ.

ಅರ್ಧ ತಾಸು ಚೌಕಾಶಿ ನಡೆಯಿತು. ಕಾಳು, ಎಣ್ಣೆ, ಕಟ್ಟಿಗೆ ಎಲ್ಲ ಸೇರಿ ಆಳಿಗೆ ಮೂವತ್ತು ಎಂದವರು ಸ್ವತಃ ಮಾವ. ಉಳಿದ ನಲವತ್ತು ನಮ್ಮ ಕೈಗಳ ಬೆಲೆ. ಅದನ್ನು ನಾವು ಕಟ್ಟಲಿಲ್ಲ, ಅವರ ಬಾಯಿಂದಲೇ ಬಂತು. ಎಂಟು ದಿನಕ್ಕೆ ಆರು ಸಾವಿರದ ನಾನೂರು. ರೊಟ್ಟಿಯನ್ನು ಅಷ್ಟು ಖುಷಿಯಿಂದ ನಾನು ಎಂದೂ ಬಡಿದಿರಲಿಲ್ಲ.

ಕಂತು ಕಟ್ಟುವ ದಿನ ಅತ್ತೆಯೂ ನನ್ನ ಜೊತೆ ಬಸ್ಸು ಹತ್ತಿದರು. ಕೌಂಟರಿನಲ್ಲಿ ನೋಟು ಎಣಿಸಿ ಕೊಟ್ಟವರು ಅವರೇ. ಉಳಿದ ನಾನೂರರಲ್ಲಿ ಇಬ್ಬರೂ ಖಾನಾವಳಿಗೆ ಹೋಗಿ, ಯಾರೋ ಬಡಿದ ರೊಟ್ಟಿಯನ್ನು ಕೂತು ಉಂಡೆವು. ಅತ್ತೆ ಮತ್ತೊಂದು ಹಾಕಿಸಿಕೊಂಡರು.

ಮನೆಗೆ ಬಂದಾಗ ಮಾವ ಬಾಗಿಲಲ್ಲೇ ಇದ್ದರು.

“ಆತೇನ್ ನಿಮ್ಮ ಲೆಕ್ಕಾ?”

“ಈ ವರ್ಷದ್ದು ಆತ್ರಿ,” ಎಂದರು ಅತ್ತೆ, ಚಪ್ಪಲಿ ಬಿಡುತ್ತ. “ಹಿಂದಿನ ಮೂವತ್ತೈದು ವರ್ಷದ್ದಕ್ಕ ಯಾವಾಗ ಕುಂದ್ರೂಣು?”