ಹೊಟ್ಟೆ ಬಂದ ಟೈರು

ಬಸ್ರೂರಿನ ಸ್ವರ್ಣಲತಾ ಕಾರು ಕಲಿಯಲಿ ಎಂದು ಅವಳ ಮನೆಯಲ್ಲಿ ಯಾರೂ ಬಯಸಿರಲಿಲ್ಲ. ಗಂಡ ರತ್ನಾಕರ ಮುಂಬೈಯಲ್ಲಿ ಹೋಟೆಲು ನೋಡಿಕೊಳ್ಳುವವನು. ಊರಿಗೆ ಬಂದಾಗ ಓಡಾಡಲು ಇರಲಿ ಎಂದು ಒಂದು ಹಳೇ ಕಾರು ತೆಗೆದು ಶೆಡ್ಡಿನಲ್ಲಿ ನಿಲ್ಲಿಸಿ, ರಜೆ ಮುಗಿದದ್ದೇ ಮುಂಬೈ ಬಸ್ಸು ಹತ್ತಿದ. "ದಿನಾ ಒಂದ್ಸಲ ಸ್ಟಾರ್ಟ್ ಮಾಡ್, ಇಲ್ದಿರೆ ಬ್ಯಾಟ್ರಿ ಸಾಯತ್ತ್" ಎಂದು ಹೆಂಡತಿಯ ಕೈಗೆ ಕೀಲಿ ಕೊಟ್ಟದ್ದಷ್ಟೇ ಅವನ ತಪ್ಪು. ಬ್ಯಾಟರಿಯ ಜೀವ ಉಳಿಸಲು ಕೂತವಳು ಅಂಗಳದಲ್ಲಿ ಹಿಂದೆ ಮುಂದೆ ಮಾಡಿದಳು, ಆಮೇಲೆ ಗೇಟಿನ ತನಕ ಬಂದಳು, ಆಮೇಲೆ ಕುಂದಾಪುರದಲ್ಲಿ ಹೊಲಿಗೆ ಕ್ಲಾಸು ಎಂದು ಸುಳ್ಳು ಹೇಳಿ ಡ್ರೈವಿಂಗ್ ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡೇ ಬಂದಳು.

ಆ ಮನೆಯಲ್ಲಿ ಸಾರಿಗೆ ಹುಳಿ ಎಷ್ಟು ಎಂಬುದಕ್ಕೂ ಅತ್ತೆ ರಾಜೀವಿಯ ಮುಖ ನೋಡಬೇಕು. ತವರಿಗೆ ಹೋಗಲು ಅತ್ತೆಯನ್ನು ಕೇಳಬೇಕು, ಅತ್ತೆ ಮಗನನ್ನು ಕೇಳಬೇಕು, ಮಗ ಫೋನು ಎತ್ತಬೇಕು. ಕಾರಿನಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ಅತ್ತೆ ಪಕ್ಕದ ಸೀಟಿನಲ್ಲಿ ಕೈಹಿಡಿಕೆ ಗಟ್ಟಿ ಹಿಡಿದು ಕೂತಿರುತ್ತಿದ್ದರು. ಗೇರು ಯಾವಾಗ ಬದಲಿಸಬೇಕು, ಬ್ರೇಕು ಎಲ್ಲಿ ಹಾಕಬೇಕು ಎಂದು ಇವಳನ್ನು ಯಾರೂ ಕೇಳುವ ಹಾಗಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳದ್ದು ಅಂತ ಸಿಕ್ಕಿದ್ದು ಆ ಕೀಲಿ ಒಂದೇ. ಅದರ ಮೇಲೂ ಒಬ್ಬನ ಕಣ್ಣಿತ್ತು. ರತ್ನಾಕರನ ತಮ್ಮ ಸುಜನ್, ಪಕ್ಕದ ಮನೆಯವನು. "ಅತ್ಗಿ, ನಿಮ್ಗೆ ಸುಮ್ನೆ ಎಂತಕ್ಕೆ ಕಷ್ಟ? ಕೀಲಿ ನನ್ ಹತ್ರ ಇರ್ಲಿ" ಎಂದು ವಾರಕ್ಕೊಮ್ಮೆಯಾದರೂ ಬಂದು ಕಾಳಜಿ ತೋರಿಸಿ ಹೋಗುತ್ತಿದ್ದ. ಕಾರಿನ ಸ್ಟೆಪ್ನಿಯನ್ನು ಮಳೆಗಾಲದಲ್ಲೇ ಒಯ್ದು ತನ್ನ ಕಾರಿಗೆ ಹಾಕಿಕೊಂಡಿದ್ದ; ಅದು ವಾಪಸು ಬರುವ ಲಕ್ಷಣ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಕೋಟದಿಂದ ಬರುವಾಗ ಎದುರಿನಿಂದ ನುಗ್ಗಿದ ಬಸ್ಸಿಗೆ ದಾರಿ ಕೊಡಲು ಹೋಗಿ, ಎಡಗಡೆಯ ಚಕ್ರ ಸರ್ವಿಸ್ ರಸ್ತೆಯ ಒಡೆದ ಅಂಚಿಗೆ ಧಡ್ ಎಂದು ಬಡಿಯಿತು. ಅತ್ತೆ "ಅಯ್ಯೋ ದ್ಯಾವ್ರೆ" ಎಂದರು. ಕಾರು ಮುಂದೆ ಹೋಯಿತು. ಆದರೆ ಸ್ಟೇರಿಂಗು ಅವಳ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಸ್ವರ್ಣಲತಾ ಕುಂದಾಪುರದಲ್ಲಿ ಪಂಚರು ಅಂಗಡಿಯ ಮುತ್ತುವಿನ ಮುಂದೆ ಕಾರು ನಿಲ್ಲಿಸಿದಳು.

ಮುತ್ತು ಕೂತು ನೋಡಿದ. ಟೈರಿನ ಪಕ್ಕೆಯಲ್ಲಿ ಲಿಂಬೆಹಣ್ಣಿನಷ್ಟು ದಪ್ಪದ ಉಬ್ಬು.

"ಲತಕ್ಕ, ಇದ್ ಪಂಚರಲ್ಲ, ಹೊಟ್ಟೆ ಬಂದಿತ್. ಒಳಗಿನ ನೂಲ್ ಕಡ್ದ್ ಹೋಯಿತ್. ಪ್ಯಾಚ್ ಹಾಕುಕಾತಿಲ್ಲೆ, ಬದ್ಲ್ ಮಾಡ್ಕೇ."

"ಸ್ವಲ್ಪ ದಿನ ಓಡುದಿಲ್ಯಾ?"

"ಓಡತ್ತ್. ಯಾವತ್ತ್ ಒಡಿತ್ತ್ ಅಂದ್ ನಂಗೂ ಗೊತ್ತಿಲ್ಲೆ. ಮೆಲ್ಲ ಮನಿಗ್ ಹೋಯಿ. ಹೈವೇಗ್ ಮಾತ್ರ ಇಳಿಬ್ಯಾಡಿ ಮರ್ರೆ."

ಬದಲಿಸಿಬಿಡು ಎಂಬ ಮಾತು ಬಾಯಿಗೆ ಬಂತು. ಆದರೆ ಕಾರಿಗೆ ಏನು ಮಾಡಿಸುವುದಿದ್ದರೂ ಮುಂಬೈಗೆ ಕೇಳಿಯೇ ಮಾಡಿಸಬೇಕು ಎಂಬುದು ಮನೆಯ ಕ್ರಮ. ಕಾರು ಅವನ ಹೆಸರಿನಲ್ಲಿತ್ತು, ಅತ್ತೆ ಪಕ್ಕದಲ್ಲೇ ಇದ್ದರು. ಕಾರು ತಿರುಗಿಸಿ ಮೆಲ್ಲಗೆ ಮನೆಗೆ ಬಂದಳು.

ಸಂಜೆ ವೀಡಿಯೊ ಕಾಲಿನಲ್ಲಿ ರತ್ನಾಕರನಿಗೆ ಟೈರು ತೋರಿಸಿದಳು. ಕುಕ್ಕರುಗಾಲಿನಲ್ಲಿ ಕೂತು ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸಿದ್ದೇ ಬಂತು. ಕಪ್ಪು ಟೈರಿನ ಮೇಲೆ ಕಪ್ಪು ಉಬ್ಬು ಅವನಿಗೆ ಕಾಣಲೇ ಇಲ್ಲ.

"ಎಂತದೂ ಇಲ್ಲೆ ಅಲ್ಲಿ. ಮುತ್ತುಗೆ ಟೈರ್ ಮಾರುಕ್ ಬೇಕ್, ಅಷ್ಟೇ. ನಾನ್ ಊರಿಗ್ ಬಪ್ಪಲ್ಲಿವರೆಗೆ ಓಡ್ಲಿ. ನಿಂಗ್ ಹೆದ್ರಿಕಿ ಆರೆ ಸುಜನನ ಹತ್ರ ಕೀಲಿ ಕೊಡ್, ಅವ ಓಡ್ಸ್ತ."

ಅದರ ಮೇಲೆ, ಮಾರನೇ ದಿನ ಕಳೆದು ಬೈಂದೂರಿಗೆ ಹೋಗುವುದಿತ್ತು. ಅತ್ತೆಯ ತಂಗಿಯ ಮೊಮ್ಮಗಳು ಶ್ರಾವ್ಯಳ ಸೀಮಂತ. ಅತ್ತೆ ಆಗಲೇ ನೆರೆಮನೆಯ ಇಬ್ಬರು ಹೆಂಗಸರಿಗೂ "ನಮ್ ಕಾರಂಗೇ ಹೋಪ" ಎಂದು ಹೇಳಿಯಾಗಿತ್ತು. ಉದ್ದಕ್ಕೂ ಹೈವೇ. ಬರುವುದಿಲ್ಲ ಎಂದರೆ ಕೀಲಿ ಹೋಯಿತು. ಬರುತ್ತೇನೆ ಎಂದರೆ ನಾಲ್ಕು ಜನರ ಜೀವ ಆ ಲಿಂಬೆಹಣ್ಣಿನ ಮೇಲೆ. ರಾತ್ರಿ ಊಟಕ್ಕೆ ಕೂತಾಗ ಟೈರಿನ ಮಾತನ್ನು ಅತ್ತೆಯ ಮುಂದೆಯೇ ತೆಗೆದಳು.

"ಇಷ್ಟಕ್ಕೆ ತಲಿಬಿಸಿ ಎಂತಕ್ಕೆ?" ಎಂದರು ರಾಜೀವಿ. "ನಾಳೆ ಹೂ ಕೇಂಬ."

ಹೂ ಕೇಳುವುದು ಆ ಮನೆಗೆ ಹೊಸತಲ್ಲ. ಗದ್ದೆಯಾಚೆ ಕುಟುಂಬದ ಹಾಯ್ಗುಳಿ ದೈವದ ಗುಡಿ. ಪೂಜೆ ಮಾಡುವ ಕೊರಗ ಪೂಜಾರಿ ಮೂರ್ತಿಯ ನೆತ್ತಿಯ ಮೇಲೆ ಹೂವಿಡುತ್ತಾನೆ, ಕೇಳುವವರು ಬೇಡಿಕೊಳ್ಳುತ್ತಾರೆ; ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಬಾವಿ ತೋಡಲು ಕೇಳಿದ್ದಾರೆ, ಸಂಬಂಧ ಬೆಳೆಸಲು ಕೇಳಿದ್ದಾರೆ, ಹಸು ಮಾರಲೂ ಕೇಳಿದ್ದಾರೆ. ಟೈರಿನ ಪಂಚಾಯಿತಿಗೆ ದೈವವನ್ನು ಕರೆದದ್ದು ಮಾತ್ರ ಅದೇ ಮೊದಲು. ಸ್ವರ್ಣಲತಾಳಿಗೂ ದೈವದ ಮೇಲೆ ಭಕ್ತಿ ಇಲ್ಲದ್ದಲ್ಲ. ಮರುದಿನ ಬೆಳಿಗ್ಗೆ ಗುಡಿಯಲ್ಲಿ ಕೊರಗ ಹೂವಿಟ್ಟಾಗ, ಎಡಕ್ಕೆ ಬೀಳಿಸಪ್ಪ, ನನ್ನನ್ನು ಇದರಿಂದ ಬಿಡಿಸಪ್ಪ ಎಂದು ಒಳಗೊಳಗೇ ಬೇಡಿಕೊಂಡಳು.

"ಬದ್ಲ್ ಮಾಡ್ದೆ ಬೈಂದೂರಿಗ್ ಹೋಪ್ಲಕ್ಕಾದ್ರೆ ಬಲಕ್ಕೆ ಕೊಡ್ ದ್ಯಾವ್ರೆ" ಎಂದು ಅತ್ತೆ ಕೇಳಿದರು.

ಹೂ ಬಲಕ್ಕೆ ಬಿತ್ತು.

ಅತ್ತೆಯ ಮುಖ ಅರಳಿತು. ಗಂಡನ ಮಾತಾಗಿದ್ದರೆ ಸ್ವರ್ಣಲತಾ ಹೇಗಾದರೂ ದಾಟಬಹುದಿತ್ತು. ಈಗ ಟೈರು ಬದಲಿಸಿದರೆ ದೈವದ ಮಾತು ಮೀರಿದ ಹಾಗೆ. ನಾಳೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ದನ ಕಾಲು ಮುರಿದುಕೊಂಡರೂ, ಎಲ್ಲವೂ ಅವಳ ಹೆಸರಿಗೇ ಬರೆದಿಟ್ಟದ್ದು.

ಮಧ್ಯಾಹ್ನ ಊಟ ಮಾಡಿ ಅತ್ತೆ ಮಲಗಿದರು. ಸ್ವರ್ಣಲತಾ ಬಾವಿಯ ಪಂಪು ಹಾಕಿದಳು, ಒಳಗೆ ಬೇರೆ ಸದ್ದು ಕೇಳದಿರಲಿ ಎಂದು. ಗೋಣಿ ಹೊಲಿಯುವ ದಬ್ಬಣ ಹಿಡಿದು ಶೆಡ್ಡಿಗೆ ಬಂದಳು. ಉಬ್ಬಿನ ಮೇಲೆ ಬೆರಳಿಟ್ಟು ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತಿತ್ತು. ಗಾಳಿಯನ್ನು ತಡೆದು ನಿಂತದ್ದು ಬರೀ ರಬ್ಬರು. ಅದನ್ನು ಮುಟ್ಟಿದ ಮೇಲೆ ಅವಳಿಗೆ ಅನುಮಾನವೇ ಉಳಿಯಲಿಲ್ಲ. "ತಪ್ಪಾಯ್ತ್ ದ್ಯಾವ್ರೆ, ಕ್ಷಮಿಸ್" ಎಂದು ಕಣ್ಣು ಮುಚ್ಚಿ ಚುಚ್ಚಿದಳು. ಟೈರು ಬುಸ್ಸೆಂದಿತು, ಕಾರು ಒಂದು ಬದಿಗೆ ಕುಸಿಯಿತು. ನಿಜ ಹೇಳಬೇಕೆಂದರೆ, ಅವಳಿಗೆ ಬಹಳ ದಿನಕ್ಕೆ ತನಗೆ ಸರಿ ಕಂಡದ್ದನ್ನು ತಾನೇ ಮಾಡಿದ ಖುಷಿಯೂ ಆಗಿತ್ತು.

ಅತ್ತೆ ಎದ್ದು ಬಂದು ನೋಡಿ ಎರಡೂ ಕೈ ತಲೆಯ ಮೇಲೆ ಜೋಡಿಸಿದರು.

"ಕಂಡ್ಯಾ ಲತಾ! ಹೈವೇಯಂಗೆ ಒಡಿಯುದನ್ನ ದ್ಯಾವ್ರ್ ಮನಿಯಂಗೇ ಒಡ್ಸಿದ. ನಮ್ಮನ್ನ ಉಳ್ಸುಕೇ ಹಾಂಗೆ ಮಾಡ್ದ!"

ಒಡೆದ ಟೈರಿನ ಬಗ್ಗೆ ಯಾರು ಚರ್ಚೆ ಮಾಡುತ್ತಾರೆ? ರತ್ನಾಕರ ಒಂದೇ ಮಾತಿಗೆ ಒಪ್ಪಿದ. ಸಂಜೆಯೊಳಗೆ ಮುತ್ತು ಹೊಸ ಟೈರು ತಂದು ಹಾಕಿದ. ಹಳೆಯದರ ತೂತನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ, ಸ್ಕೂಟರು ಹತ್ತಿದ. ಗೆದ್ದೆ ಅಂದುಕೊಂಡಳು ಸ್ವರ್ಣಲತಾ.

ಮರುದಿನ ಬೆಳಿಗ್ಗೆ ಬೈಂದೂರಿಗೆ ಹೊರಡುವ ಮೊದಲು ಅತ್ತೆ ಗುಡಿಗೆ ಕರೆದುಕೊಂಡು ಹೋದರು. ಕೈ ಮುಗಿದು ಬರಲಿಕ್ಕೆ ಎಂದುಕೊಂಡು ಇವಳು ಕೀಲಿ ಹಿಡಿದೇ ಹೋದಳು.

"ಇನ್ನೊಂದ್ ಹೂ ಇಡ್ ಕೊರಗ" ಎಂದರು ಅತ್ತೆ. "ರಾತ್ರಿಯಿಡೀ ಯೋಚ್ನೆ ಮಾಡ್ದೆ. ಇಷ್ಟೆಲ್ಲ ಸೂಚ್ನೆ ಕೊಟ್ಟದ್ ಎಂತಕ್ಕೆ? ಹೆಂಗ್ಸ್ ಕಾರ್ ಓಡ್ಸಿದ್ದಕ್ಕೇ ಇರ್ಕ್. ಲತಾ ಕಾರ್ ಓಡ್ಸುದ್ ಸಮ ಆರೆ ಬಲಕ್ಕೆ ಕೊಡ್ ದ್ಯಾವ್ರೆ."

ಹೂ ಸ್ವಲ್ಪ ಹೊತ್ತು ಅಲ್ಲಾಡದೆ ಕೂತಿತ್ತು. ಆಮೇಲೆ ಎಡಕ್ಕೆ ಬಿತ್ತು.

ಸೂಚನೆ ಕೊಟ್ಟದ್ದು ದೈವ ಅಲ್ಲ ಅತ್ತೆ, ನನ್ನ ದಬ್ಬಣ ಎನ್ನಲು ಸ್ವರ್ಣಲತಾ ಬಾಯಿ ತೆರೆದಳು. ಹೇಳಿದರೆ ದೈವದ ಮಾತಿಗೆ ದಬ್ಬಣ ಹಾಕಿದವಳ ಕೈಯಲ್ಲಿ ಇವರು ಕೀಲಿ ಬಿಡುತ್ತಾರೆಯೇ? ಹೇಳದಿದ್ದರೂ ಹೋಯಿತು, ಹೇಳಿದರೂ ಹೋಯಿತು. ತೆರೆದ ಬಾಯಿ ಮುಚ್ಚಿದಳು. ಅತ್ತೆ ಕೈ ಚಾಚಿದರು, ಸಿಟ್ಟಿನಿಂದಲ್ಲ, ಸೊಸೆಯ ಮೇಲಿನ ಕಾಳಜಿಯಿಂದಲೇ. ಅದೇ ಅವಳಿಗೆ ಹೆಚ್ಚು ಸಂಕಟವಾದದ್ದು. ಕೀಲಿ ಕೊಟ್ಟಳು.

ಸುಜನ್ ಇಸ್ತ್ರಿ ಅಂಗಿ ಹಾಕಿ ತಯಾರಾಗಿಯೇ ಬಂದ. ಅತ್ತೆ ಮುಂದೆ ಕೂತರು. ಹಿಂದೆ ನೆರೆಮನೆಯ ಇಬ್ಬರು ಹೆಂಗಸರ ನಡುವೆ, ಮಡಿಲಲ್ಲಿ ಬಳೆ ಹೂವಿನ ತಟ್ಟೆ ಇಟ್ಟುಕೊಂಡು ಸ್ವರ್ಣಲತಾ. ಹೊಸ ಟೈರಿನ ಮೇಲೆ ಕಾರು ಹೈವೇಯಲ್ಲಿ ಸಲೀಸಾಗಿ ಓಡುತ್ತಿತ್ತು.

"ಲತಾ, ಹೀಂಗೆ ಹಿಂದೆ ಕೂಕಂಡ್ ಹೋಪುದ್ ಎಷ್ಟ್ ಸುಖ ಅಲ್ದಾ?" ಎಂದು ಅತ್ತೆ ತಿರುಗಿ ಕೇಳಿದರು.

"ಹೌದತ್ತೆ" ಎಂದಳು. ಎದುರಿನಿಂದ ಲಾರಿ ಬಂದಾಗಲೆಲ್ಲ ಅವಳ ಬಲಗಾಲು ತಟ್ಟೆಯ ಕೆಳಗೆ ತನ್ನಷ್ಟಕ್ಕೇ ನೆಲವನ್ನು ಒತ್ತುತ್ತಿತ್ತು.