ಕೆಳಗಿನ ಕೆರೆಯ ಒದ್ದೆ ದೋಣಿ

ಕೆಳಗಿನ ಕೆರೆಯ ದಡದಲ್ಲಿ ದೋಣಿ ಬಾಡಿಗೆಗೆ ಕೊಡುವ ಹೆಂಗಸಿಗೆ ಮೇಲಿನ ಕೆರೆಯ ಕಡೆ ಒಮ್ಮೆ ನೋಡದೆ ಬೆಳಗಾಗುವುದಿಲ್ಲ. ಅಲ್ಲಿ ದೋಣಿ ನಡೆಸುವವಳು ಅವಳ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಕಿರಿಯವಳಿಗೆ ಹುಟ್ಟು ಹಿಡಿಯಲು ಕಲಿಸಿದವಳು ಇವಳೇ. ಅದು ಇನ್ನೂ ಚುಚ್ಚುತ್ತದೆ. ಗಾಳದ ಕೋಲು ಕಟ್ಟಿಕೊಂಡ ಕಾರುಗಳು ತನ್ನತ್ತ ತಿರುಗದೆ ನೇರ ಗುಡ್ಡ ಹತ್ತುವುದನ್ನು ನೋಡಲಾರದೆ ಅಡುಗೆಮನೆಯ ಕಿಟಕಿಗೆ ಬಟ್ಟೆ ಕಟ್ಟಿದ್ದಳು. ಆಮೇಲೆ ಸದ್ದು ಕೇಳಿಯೇ ಕಾರುಗಳನ್ನು ಎಣಿಸತೊಡಗಿ, ಬಟ್ಟೆ ಬಿಚ್ಚಿಹಾಕಿದಳು.

ಹಿಂದೆ ಹೀಗಿರಲಿಲ್ಲ. ಮೀನು ಹಿಡಿಯುವ ಹುಚ್ಚಿನವರೆಲ್ಲ ಮೊದಲು ಬರುತ್ತಿದ್ದುದು ಇವಳಲ್ಲಿಗೇ. ಹೋದ ಬೇಸಿಗೆಯಲ್ಲಿ ಗಾಳದ ದಾರಕ್ಕೆ ಒದ್ದೆ ಹತ್ತಿಯಂಥದ್ದೇನೋ ಮೆತ್ತಿಕೊಂಡು ಬರತೊಡಗಿತು. ಪಾಚಿಯೆಂದುಕೊಂಡು ಒರೆಸಿದಳು. ಮೀನುಗಾರಿಕೆ ಇಲಾಖೆಯವನೊಬ್ಬ ಬಂದು ಭೂತಗನ್ನಡಿಯಲ್ಲಿ ತೋರಿಸಿದ: ಒಂದೇ ಕರಿ ಕಣ್ಣು, ಮೈಗಿಂತ ಉದ್ದದ ಮುಳ್ಳಿನ ಬಾಲ. ಬೇರೆ ದೇಶದಿಂದ ಬಂದ ನೀರುಚಿಗಟ. ಮರಿಮೀನಿನ ಆಹಾರವನ್ನೆಲ್ಲ ಅದು ಮುಕ್ಕುತ್ತದೆ. ಅದನ್ನೇ ನುಂಗೋಣವೆಂದರೆ ಮರಿಮೀನಿನ ಗಂಟಲಿಗೆ ಮುಳ್ಳು ಅಡ್ಡ. ಒಮ್ಮೆ ಬಂದರೆ ಹೋಗುವುದಿಲ್ಲ ಎಂದ. ತಾನಾಗಿ ಗುಡ್ಡ ಹತ್ತಲಾರದು, ಒದ್ದೆ ದೋಣಿ, ಒದ್ದೆ ಹಗ್ಗ ಸಿಕ್ಕರೆ ಮಾತ್ರ ಸವಾರಿ ಹೊರಡುತ್ತದೆ. ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸದೆ ಏನನ್ನೂ ಹೊರಗೆ ಕಳಿಸಬೇಡಿ ಎಂದೂ ಹೇಳಿಹೋದ. ಅಂದಿನಿಂದ ಶೆಡ್ಡಿನ ಪಕ್ಕದ ಒಲೆಯ ಮೇಲೆ ನೀರಿನ ಡ್ರಮ್ಮು ಕುದಿಯುತ್ತಲೇ ಇರುತ್ತದೆ.

ಮೇಲಿನ ಕೆರೆಗೆ ಏನೂ ಆಗಲಿಲ್ಲ. ಗಿರಾಕಿಗಳು ಅತ್ತ ಸರಿದರು. ಕಿರಿಯವಳು ದೋಣಿಕಟ್ಟೆಗೆ ಹೊಸ ಚಾವಣಿ ಹಾಕಿಸಿದಳು. ಎಲ್ಲರೂ ಊಟಕ್ಕೆ ಕೂತಾಗ ಅತ್ತೆ, "ಚಿಕ್ಕವಳ ಕೈಗುಣ ನೋಡಿ" ಎಂದರು. ದೊಡ್ಡವಳು ತಟ್ಟೆ ಎತ್ತಿಕೊಂಡು ಎದ್ದಳು.

ಒಂದು ಶನಿವಾರ ಆ ಕಿರಿಯವಳೇ ಜೀಪಿಗೆ ಟ್ರೇಲರ್ ಕಟ್ಟಿಕೊಂಡು ಇಳಿದು ಬಂದಳು.

"ಅಕ್ಕಾ, ಒಂದು ದೋಣಿ ಕೊಡ್ತೀಯಾ? ನಾಳೆ ಜನ ಜಾಸ್ತಿ, ನನ್ನವು ಸಾಲಲ್ಲ. ನಿನ್ನವು ಹೇಗೂ ಸುಮ್ನೆ ನಿಂತಿವೆಯಲ್ಲ."

ಆ 'ಹೇಗೂ' ನೇರ ಎದೆಗೆ ನಾಟಿತು. ಆದರೂ ದೊಡ್ಡವಳು ನಕ್ಕಳು. ಎಷ್ಟೋ ತಿಂಗಳಿಂದ ಅಷ್ಟು ಅಗಲವಾಗಿ ನಕ್ಕಿರಲಿಲ್ಲ.

"ಅದಕ್ಕೇನು, ತಗೊಂಡು ಹೋಗು. ಬೆಳಗ್ಗೆ ತಾನೇ ನೀರಿಗಿಳಿಸಿದ್ದೆ, ಗಟ್ಟಿಯಾಗಿದೆ."

ಟ್ರೇಲರನ್ನು ನೀರಿನೊಳಕ್ಕೆ ಹಿಮ್ಮುಖವಾಗಿ ಇಳಿಸಿ ಇಬ್ಬರೂ ದೋಣಿ ಏರಿಸಿದರು. ಲಂಗರಿನ ಹಗ್ಗ ಸುತ್ತುವಾಗ ದೊಡ್ಡವಳ ಅಂಗೈಗೆ ಚಿಗಟದ ಬೂದು ಬಣ್ಣದ ಲೋಳೆ ಅಂಟಿತು. ಹೊಸ ಚಾವಣಿಯ ಕೆಳಗೆ ಕಿರಿಯವಳು ಒಬ್ಬಳೇ ಕೂತು, ಉಗುರಿನಿಂದ ಈ ಲೋಳೆಯನ್ನೇ ಕೆರೆಯುತ್ತಿರುವುದು ಕಣ್ಣಿಗೆ ಕಟ್ಟಿತು. ಸಕ್ಕರೆ ಚಪ್ಪರಿಸಿದಷ್ಟು ಸಿಹಿ. ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದಳು. ಅಷ್ಟರಲ್ಲಿ, ತನಗೆ ಅದು ಅಷ್ಟೊಂದು ಸಿಹಿಯಾಯಿತಲ್ಲ ಎಂದು ಅವಳಿಗೇ ಹೆದರಿಕೆಯಾಯಿತು.

"ಇಳಿಸು."

"ಏನನ್ನ?"

"ದೋಣೀನ. ಒಣಗಿಲ್ಲ ಇದು. ಚಿಗಟ ನಿನ್ನ ಕೆರೆಗೂ ಬರುತ್ತೆ. ಮುಂದಿನ ವಾರ ಒಣಗಿಸಿ ಕೊಡ್ತೀನಿ."

"ಮುಂದಿನ ವಾರ ತಗೊಂಡು ತಲೆ ಮೇಲೆ ಹೊತ್ಕೊಳ್ಳಲಾ? ಜನ ಬರೋದು ನಾಳೆ! ಈಗ ತಾನೇ ಹಲ್ಲು ಕಿರಿದು ಕೊಟ್ಟೆ, ಅಷ್ಟರಲ್ಲೇ ಹೊಟ್ಟೆ ಉರೀತಾ? ನಾನು ಉದ್ಧಾರ ಆಗೋದು ನಿನಗೆ ಇಷ್ಟ ಇಲ್ಲ ಅಂತ ನೆಟ್ಟಗೆ ಹೇಳು."

"ಇಷ್ಟ ಇಲ್ಲ," ಎಂದಳು ದೊಡ್ಡವಳು. "ನಿನ್ನ ಆ ಚಾವಣಿ ನೆನೆಸಿಕೊಂಡ್ರೆ ಮೈಯೆಲ್ಲ ಉರಿಯುತ್ತೆ. ಆದ್ರೂ ದೋಣಿ ಒದ್ದೇನೇ."

ಕಿರಿಯವಳು ದೋಣಿಯನ್ನು ನೀರಿಗೆ ಜಾರಿಸಿ, ಜೀಪು ಹತ್ತಿ ಬಾಗಿಲು ಬಡಿದಳು. ದೊಡ್ಡವಳು ಡ್ರಮ್ಮಿನಿಂದ ಬಕೆಟ್ ತುಂಬಿಕೊಂಡು ಬಂದು ದಾರಿಗೆ ಅಡ್ಡ ನಿಂತಳು. ಜೀಪು ನಿಂತ ಮೇಲೆ ಅದರ ಹಿಂದಕ್ಕೆ ನಡೆದಳು. ಟ್ರೇಲರಿನ ಚಕ್ರದಿಂದ ಕೆರೆಯ ನೀರು ತೊಟ್ಟಿಕ್ಕುತ್ತಿತ್ತು. ಟೈರು ಕೂಡ ಹೊಸದು. ಅದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಹೊಗೆಯಾಡುವ ನೀರನ್ನು ಅದರ ಮೇಲೆ ಸುರಿದಳು.

ಜೀಪು ಹಾರ್ನ್ ಹೊಡೆಯಿತು. "ಆಯ್ತಾ ಸ್ನಾನ?"

"ತಡಿಯೇ, ಇನ್ನೊಂದು ಚಕ್ರ ಇದೆ," ಎಂದು ಅವಳು ಆಚೆ ಬದಿಗೆ ನಡೆದಳು.