ಹೆಡ್‌ಮೇಷ್ಟರಿಗೆ ಹಾಕಿದ ಚಿಲಕ

ತೊಂಬತ್ತರ ದಶಕದ ಮಧ್ಯದಲ್ಲಿ ಪಾಂಡವಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನು ಸುತ್ತುವುದು ನನ್ನ ಕೆಲಸವಾಗಿತ್ತು. ಕಿರುಚುವ, ಕಚ್ಚುವ, ತರಗತಿ ಬಿಟ್ಟು ಓಡುವ ಮಕ್ಕಳು ಯಾಕೆ ಹಾಗೆ ಮಾಡುತ್ತಾರೆಂದು ಕೂತು ನೋಡಿ, ಅದನ್ನು ತಿದ್ದುವ ದಾರಿಯನ್ನು ಮೇಷ್ಟರುಗಳಿಗೆ ಹೇಳಿಕೊಡಬೇಕು. ಮೈಸೂರಿನಲ್ಲಿ ಅದನ್ನೇ ಓದಿದ್ದೆ. ಹೇಳಿಕೊಟ್ಟು ನಾನು ಬಸ್ಸು ಹತ್ತುತ್ತಿದ್ದೆ, ಆಮೇಲೆ ನಡೆಸುವವರು ಅವರು. ನನ್ನ ಕೆಲಸದ ಪಾಪವೆಲ್ಲ ಅಲ್ಲೇ ಇತ್ತು.

ಕ್ಯಾತನಹಳ್ಳಿ ದಾಟಿ ಹೋದರೆ ಸಿಗುವ ಒಂದು ಶಾಲೆಯಲ್ಲಿ ಮಾತು ಬಾರದ ಎಂಟು ವರ್ಷದ ಹುಡುಗಿ ಇದ್ದಳು. ಗದ್ದಲ ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಕಿರುಚುವಳು, ಹತ್ತಿರ ಬಂದವರ ಕೈ ಕಚ್ಚುವಳು. ಮೊದಲ ವಾರ ನಾನೇ ಮಾಡಿ ತೋರಿಸಿದೆ. ಕಿರುಚಿದಾಗ ಗದರಬಾರದು, ಜಗಲಿಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಬೇಕು, ಸುಮ್ಮನಾದ ಕೂಡಲೇ ಒಂದು ಚೂರು ಬೆಲ್ಲ ಕೊಟ್ಟು ಒಳಗೆ ಕರೆತರಬೇಕು. ಅವಳ ಅವ್ವ ಆಲೆಮನೆಯಿಂದ ಡಬ್ಬಿ ತುಂಬ ಬೆಲ್ಲ ತಂದುಕೊಟ್ಟಿದ್ದಳು.

ನಾನು ಬಸ್ಸು ಹತ್ತಿದ್ದೇ ಬೆಲ್ಲ ಹೆಡ್‌ಮೇಷ್ಟರ ಟೀಗೆ ಹೋಯಿತು. ಹುಡುಗಿ ಮುರಿದ ಬೆಂಚುಗಳ ಕೋಣೆಗೆ ಹೋದಳು. ಅದಕ್ಕೆ ಕಿಟಕಿ ಇರಲಿಲ್ಲ, ಹೊರಗಡೆ ಚಿಲಕವಿತ್ತು.

ನನಗಿದು ತಿಳಿದದ್ದು ಅವ್ವ ಮಗಳ ಕೈಹಿಡಿದು ಟಿ.ಸಿ. ಕೇಳಲು ಬಂದ ದಿನ. ನನ್ನನ್ನು ಕಂಡದ್ದೇ ಸಿಡಿದಳು.

"ಕೋಣೇಲಿ ಕೂಡಾಕಿ ಅಂತ ನೀವೇ ಏಳ್ಕೊಟ್ರಂತಲ್ಲಾ ಮೇಡಮ್ಮೋರೆ? ನಿಮ್ಮನೆ ಮಗೀನ ಇಂಗೇ ಕೂಡಾಕ್ತಿದ್ರಾ? ಈಗ ಮನೆ ಬಾಗ್ಲು ಮುಚ್ಚುದ್ರೂ ನಡುಗ್ತಾಳೆ. ಇಸ್ಕೂಲೇ ಬ್ಯಾಡ ಬುಡಿ ಇವ್ಳಿಗೆ."

ನನಗೆ ಮೈಯೆಲ್ಲ ಉರಿಯಿತು. ಹೊಡೆಯುವ ಮೇಷ್ಟರನ್ನು ಬೇಕಾದಷ್ಟು ಕಂಡಿದ್ದೆ. ನಾನು ಕಲಿತ ವಿದ್ಯೆಯನ್ನೇ ಬೆತ್ತ ಮಾಡಿಕೊಂಡು, ಅದಕ್ಕೆ ನನ್ನ ಹೆಸರಿಟ್ಟವರನ್ನು ಕಂಡಿರಲಿಲ್ಲ.

ಹೆಡ್‌ಮೇಷ್ಟರು ನಗುತ್ತ ಬಂದರು. "ಇವ್ರಿಗೇನ್ ಗೊತ್ತಾಯ್ತದೆ ಮೇಡಂ, ಹೊಸ ಮೆಥಡ್ಡು. ಒಳ್ಗೆ ತಣ್ಣಗದೆ ಕಣಮ್ಮ, ಬೇಕಾದ್ರೆ ನಾನೇ ಕೂತ್ಕೊಂಡ್ ತೋರುಸ್ತೀನಿ."

"ತೋರಿಸಿ ಸಾರ್," ಅಂದೆ.

ಅವ್ವನ ಮುಂದೆ ಜಂಬ ಬಿಡಲಾಗದೆ ಒಳಗೆ ಹೋದರು. ನಾನು ಬಾಗಿಲೆಳೆದು ಚಿಲಕ ಹಾಕಿದೆ.

ಮೊದಲು ನಕ್ಕರು. ಆಮೇಲೆ ಬಾಗಿಲು ಬಡಿದರು. ಸಸ್ಪೆಂಡ್ ಮಾಡಿಸುತ್ತೇನೆಂದು ಕೂಗಾಡಿದರು. ಆಮೇಲೆ ದನಿ ಇಳಿಯಿತು: "ಮೇಡಂ, ಇಲ್ಲೇನೋ ಓಡಾಡ್ತಾ ಅದೆ." ಉಳಿದ ಮೇಷ್ಟರುಗಳು ಅಂಗಳದ ಹೊಂಗೆಮರ ನೋಡುತ್ತ ನಿಂತಿದ್ದರು. ಶಿಕ್ಷೆಯಿಂದ ಯಾರೂ ಕಲಿಯುವುದಿಲ್ಲ ಎಂದು ಊರೂರಿಗೆ ಹೇಳಿಕೊಂಡು ತಿರುಗುತ್ತಿದ್ದವಳು ನಾನೇ. ಆವತ್ತು ಅವರು ಕಲಿಯುವುದು ನನಗೆ ಬೇಕಿರಲಿಲ್ಲ, ಹೆದರುವುದು ಬೇಕಿತ್ತು. ಒಂದೊಂದು ಬಡಿತಕ್ಕೂ ಹೊಟ್ಟೆ ತಣ್ಣಗಾಯಿತು.

ಕೊನೆಗೆ ಒಳಗೆ ಸದ್ದಡಗಿತು. ಆಗ ಹುಡುಗಿ ಅವ್ವನ ಕೈಬಿಡಿಸಿಕೊಂಡು ಆಫೀಸಿಗೆ ಓಡಿದಳು. ಮೇಜಿನ ಮೇಲಿದ್ದ ಡಬ್ಬಿ ತಂದು ಕೋಣೆಯ ಬಾಗಿಲ ಪಕ್ಕ ಕೂತಳು. ಒಂದು ಚೂರು ಬೆಲ್ಲ ತೆಗೆದು ಬಾಗಿಲ ಸಂದಿಯಿಂದ ಒಳಗೆ ತಳ್ಳಿದಳು.

ಅವ್ವ ಮಗಳತ್ತ ಕೈ ತೋರಿಸಿದಳು. "ನೀವ್ ಏಳ್ಕೊಟ್ಟಿದ್ದು ಇದಾ?" ಅಂದಳು. ನಾನು ಹೌದೆಂದು ತಲೆಯಾಡಿಸಿದೆ. "ಅಂಗಾರೆ ತಗೀರಿ ಮೇಡಮ್ಮೋರೆ. ಸುಮ್ಕಾಗವ್ರಲ್ಲ."

ಇನ್ನಷ್ಟು ಹೊತ್ತು ಇರಲಿ ಎಂದು ನನ್ನ ಜೀವ ಕೂಗುತ್ತಿತ್ತು. ಆದರೆ ನಿಯಮ ನನ್ನದೇ. ಹಲ್ಲು ಕಚ್ಚಿಕೊಂಡು ಚಿಲಕ ತೆಗೆದೆ.

ಹೆಡ್‌ಮೇಷ್ಟರು ದೂರು ಕೊಟ್ಟರು, ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಒಂದು ಸಲ ಆ ಶಾಲೆಗೆ ಹೋದೆ. ಟಿ.ಸಿ. ಮಾತು ಬಿಟ್ಟು, ಕೋಣೆಯ ಚಿಲಕವನ್ನು ಅವ್ವ ಹಾರೆಯಿಂದ ಮೀಟಿ ಕಿತ್ತು ಹಾಕಿದ್ದಳಂತೆ. ಹುಡುಗಿ ಜಗಲಿಯಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದಳು, ಪಕ್ಕದಲ್ಲಿ ಹೆಡ್‌ಮೇಷ್ಟರು. ಚಿಲಕಕ್ಕೆ ಹೆದರಿಯೋ, ಬೆಲ್ಲಕ್ಕೆ ನಾಚಿಯೋ, ನಾನು ಕೇಳಲಿಲ್ಲ. ಡಬ್ಬಿ ಅವಳ ತೊಡೆಯ ಮೇಲಿತ್ತು. ಇನ್ನು ಮೇಲೆ ಈ ಮನುಷ್ಯ ಸಪ್ಪೆ ಟೀ ಕುಡಿಯಬೇಕು ಎಂದುಕೊಂಡು ಖುಷಿಯಾಗಿ ಬಸ್ಸು ಹತ್ತಿದೆ.